ಊಟದ ತಟ್ಟೆಯ ಮುಂದೆ ಸೈನಿಕನ ಇನ್ನೊಂದು ಯುದ್ಧ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಊಟ, ಮಾತು ಎರಡೂ ಒಟ್ಟಿಗೆ ಕೈಕೊಡುವ ಒಂದು ಕಾಯಿಲೆಯಿದೆ. ಅದಕ್ಕೆ ಸಿಕ್ಕಿದವರಲ್ಲಿ ಕೆಲವರು ಹೊಟ್ಟೆ ಹಸಿದಿದ್ದರೂ ಉಣ್ಣುವುದಿಲ್ಲ. ಇನ್ನು ಕೆಲವರು ಯಾರೂ ಇಲ್ಲದ ಹೊತ್ತಿನಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ಬಳಿಕ ನಾಚಿಕೆಯಿಂದ ಎಲ್ಲವನ್ನೂ ಕಕ್ಕಿಕೊಳ್ಳುತ್ತಾರೆ. ಹೀಗೇಕೆ ಮಾಡುತ್ತೇವೆ ಎಂದು ಅವರಿಗೇ ತಿಳಿದಿರುವುದಿಲ್ಲ. ತಿಳಿದರೂ ಬಾಯಿಬಿಟ್ಟು ಹೇಳುವುದಿಲ್ಲ. ವೈದ್ಯರು ಇದನ್ನು ಆಹಾರ ಸೇವನೆಯ ಮನೋರೋಗ ಎಂದು ಕರೆಯುತ್ತಾರೆ.

ಇಂಥ ಕಾಯಿಲೆ ಸೈನಿಕನಿಗೂ ಬರುತ್ತದೆ ಎಂದರೆ ಅನೇಕರು ನಂಬಲಾರರು. ಮೈಕಟ್ಟು ನೋಡಿ, ತೂಕ ಅಳೆದು ಆಯ್ಕೆ ಮಾಡಿದ ಗಟ್ಟಿಮುಟ್ಟು ಜನ, ಹೊತ್ತು ಹೊತ್ತಿಗೆ ಊಟ, ದಿನವೂ ಕವಾಯತು. ಅಲ್ಲಿ ಅನ್ನ ಕಂಡರೆ ಹೆದರುವ ಕಾಯಿಲೆಗೆ ಜಾಗವೆಲ್ಲಿ? ಆದರೆ ಸೈನ್ಯ, ಹಸಿವು ಮತ್ತು ಮನಸ್ಸು, ಈ ಮೂರರ ನಂಟು ಹಳೆಯದು. ಅಷ್ಟೇ ಅಲ್ಲ, ಈ ಕಾಯಿಲೆಯ ಬಗ್ಗೆ ಇಂದು ವೈದ್ಯರಿಗೆ ತಿಳಿದಿರುವ ಒಂದು ಮುಖ್ಯ ಪಾಠ ಬಂದದ್ದು ಯುದ್ಧಕಾಲದಲ್ಲಿ, ಅದೂ ಬಂದೂಕು ಹಿಡಿಯಲು ಒಲ್ಲೆನೆಂದ 36 ತರುಣರಿಂದ.

ಹೆಸರು ಬಂದ ಬಗೆ

ಊಟ ಬಿಟ್ಟು ಸೊರಗುವ ಈ ಕಾಯಿಲೆಯನ್ನು ವೈದ್ಯಕೀಯ ದೃಷ್ಟಿಯಿಂದ ಮೊದಲು ವಿವರಿಸಿದವರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ಒಬ್ಬ. 1689ರಲ್ಲಿ ಆತ ಎರಡು ಪ್ರಕರಣಗಳನ್ನು ಬರೆದಿಟ್ಟ. ಒಂದು 18ರ ಹುಡುಗಿಯದು, ಇನ್ನೊಂದು 16ರ ಹುಡುಗನದು. ಕ್ಷಯದಂತೆ ಕಂಡರೂ ಕ್ಷಯವಲ್ಲದ, ಮನಸ್ಸಿನ ಚಿಂತೆಯಿಂದ ಬಂದ ಸೊರಗುವಿಕೆ ಎಂಬುದು ಅವನ ತೀರ್ಮಾನ. ಸುಮಾರು ಎರಡು ಶತಮಾನಗಳ ನಂತರ, 1873ರಲ್ಲಿ, ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೇಗ್ ಬೇರೆ ಬೇರೆಯಾಗಿಯೇ ಇದನ್ನು ಗುರುತಿಸಿದರು. ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಗಲ್ ಕೊಟ್ಟದ್ದು. ಅತಿಯಾಗಿ ತಿಂದು ಕಕ್ಕಿಕೊಳ್ಳುವ ‘ಬುಲಿಮಿಯಾ ನರ್ವೋಸಾ’ಕ್ಕೆ ಹೆಸರು ಬಂದದ್ದು ತೀರ ಈಚೆಗೆ, 1979ರಲ್ಲಿ. ಹೆಸರಿಟ್ಟವರು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್.

ಮಾರ್ಟನ್ ಹುಡುಗನನ್ನೂ ಗುರುತಿಸಿದ್ದ ಎಂಬುದನ್ನು ನಂತರದವರು ಬಹುಮಟ್ಟಿಗೆ ಮರೆತರು. ಇದು ಹದಿಹರೆಯದ ಹುಡುಗಿಯರ, ಅದರಲ್ಲೂ ಸ್ಥಿತಿವಂತರ ಮನೆಯ ಹುಡುಗಿಯರ ಕಾಯಿಲೆ ಎಂಬ ಅಭಿಪ್ರಾಯ ಬಲವಾಗಿ ಬೇರೂರಿತು. 1983ರಲ್ಲಿ ಅಮೆರಿಕದ ಜನಪ್ರಿಯ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 32ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕಾಯಿಲೆಯ ಹೆಸರು ಮನೆಮಾತಾಯಿತು. ಹೆಣ್ಣಿನ ಕಾಯಿಲೆ ಎಂಬ ನಂಬಿಕೆಯೂ ಉಳಿಯಿತು. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಮುಟ್ಟು ನಿಲ್ಲುವುದೂ ಅನೊರೆಕ್ಸಿಯಾದ ಲಕ್ಷಣಗಳಲ್ಲಿ ಒಂದಾಗಿತ್ತು. ಅದನ್ನು ಪಟ್ಟಿಯಿಂದ ತೆಗೆದದ್ದು 2013ರ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಪುಸ್ತಕದ ಲಕ್ಷಣಪಟ್ಟಿಯಲ್ಲಿ ಗಂಡಸಿಗೆ ಸರಿಯಾದ ಜಾಗವೇ ಇರಲಿಲ್ಲ. ಗಂಡಸರೇ ಹೆಚ್ಚಾಗಿರುವ ಸೈನ್ಯದಲ್ಲಿ ಈ ಕಾಯಿಲೆ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಇದೂ ಒಂದು ಕಾರಣ.

ಕ್ರೀಡಾಂಗಣದ ಕೆಳಗಿನ ಪ್ರಯೋಗ

ಈಗ 1944ಕ್ಕೆ ಬರೋಣ. ಎರಡನೆಯ ಮಹಾಯುದ್ಧ ಕೊನೆಯ ಹಂತಕ್ಕೆ ಬಂದಿತ್ತು. ಯುರೋಪಿನ ಊರೂರುಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಹಿಂದಿನ ವರ್ಷವಷ್ಟೇ ನಮ್ಮ ಬಂಗಾಳದಲ್ಲಿ ಲಕ್ಷಾಂತರ ಜನ ಬರಕ್ಕೆ ಬಲಿಯಾಗಿದ್ದರು. ಯುದ್ಧ ಮುಗಿದ ಮೇಲೆ ಇಷ್ಟೊಂದು ಹಸಿದ ಜನರಿಗೆ ಏನನ್ನು, ಎಷ್ಟು, ಹೇಗೆ ಉಣಿಸಬೇಕು ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇದನ್ನು ಕಂಡುಹಿಡಿಯಲು ಹೊರಟವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆ್ಯನ್ಸೆಲ್ ಕೀಸ್. ಅಮೆರಿಕದ ಸೈನಿಕರು ಜೇಬಿನಲ್ಲಿ ಒಯ್ಯುತ್ತಿದ್ದ ‘ಕೆ ರೇಷನ್’ ಊಟದ ಪೊಟ್ಟಣದ ಜೊತೆ ಹೆಸರು ಸೇರಿಹೋಗಿದ್ದ ವಿಜ್ಞಾನಿ ಇವರೇ. ಅವರ ಪ್ರಯೋಗಾಲಯವಿದ್ದುದು ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ.

ಹಸಿದಿರಲು ಒಪ್ಪುವ ಆರೋಗ್ಯವಂತ ಗಂಡಸರು ಬೇಕಾಗಿತ್ತು. ಅವರು ಸಿಕ್ಕಿದ್ದು ವಿಚಿತ್ರ ಜಾಗದಲ್ಲಿ. ಕೊಲ್ಲುವುದು ಪಾಪವೆಂಬ ನಂಬಿಕೆಯಿಂದ ಸೈನ್ಯಕ್ಕೆ ಸೇರಲು ನಿರಾಕರಿಸಿದ ತರುಣರಿಗಾಗಿ ಅಮೆರಿಕ ಸರ್ಕಾರ ‘ಸಿವಿಲಿಯನ್ ಪಬ್ಲಿಕ್ ಸರ್ವಿಸ್’ ಎಂಬ ವ್ಯವಸ್ಥೆ ಮಾಡಿತ್ತು. ಸುಮಾರು 12,000 ಮಂದಿ ಅದರಲ್ಲಿದ್ದರು. ಕಾಡು ಕಾಯುವುದು, ಬೆಂಕಿ ಆರಿಸುವುದು, ಆಸ್ಪತ್ರೆಯಲ್ಲಿ ದುಡಿಯುವುದು ಇತ್ಯಾದಿ ಅವರ ಕೆಲಸ. ಸಂಬಳವಿಲ್ಲ. ಶಿಬಿರಗಳ ಖರ್ಚಿನ ಬಹುಭಾಗವನ್ನು ಹೊರುತ್ತಿದ್ದವರು ಶಾಂತಿವಾದಿ ಪಂಗಡಗಳಾದ ಕ್ವೇಕರ್, ಮೆನೊನೈಟ್ ಮತ್ತು ಬ್ರೆದ್ರನ್ ಚರ್ಚುಗಳು. ‘ಹೇಡಿಗಳು’ ಎಂಬ ಬೈಗುಳ ಕೇಳಿ ಬೇಸತ್ತಿದ್ದ ಈ ತರುಣರಲ್ಲಿ ನೂರಾರು ಮಂದಿ ಮುಂದೆ ಬಂದರು. 36 ಮಂದಿ ಆಯ್ಕೆಯಾದರು.

ಪ್ರಯೋಗ ಆರಂಭವಾದದ್ದು 1944ರ ನವೆಂಬರ್ 19ರಂದು. ಮೊದಲ 12 ವಾರ ಮಾಮೂಲು ಊಟ, ದಿನಕ್ಕೆ ಸುಮಾರು 3,200 ಕ್ಯಾಲೊರಿ. 1945ರ ಫೆಬ್ರುವರಿ 12ರಿಂದ 24 ವಾರ ಅರೆಹೊಟ್ಟೆ. ದಿನಕ್ಕೆ ಎರಡೇ ಹೊತ್ತು. ಆಲೂಗಡ್ಡೆ, ಟರ್ನಿಪ್, ಎಲೆಕೋಸು, ಬ್ರೆಡ್ಡು, ಮ್ಯಾಕರೋನಿ. ಯುದ್ಧಪೀಡಿತ ಯುರೋಪಿನ ಬಡವನ ಊಟವೇ ಇದಕ್ಕೆ ಮಾದರಿ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡೆಯಬೇಕು. ಒಬ್ಬೊಬ್ಬರೂ ತಮ್ಮ ತೂಕದ ನಾಲ್ಕನೆಯ ಒಂದು ಭಾಗ ಕಳೆದುಕೊಳ್ಳಬೇಕೆಂಬುದು ಲೆಕ್ಕ.

ದೇಹ ಸೊರಗುವುದು ನಿರೀಕ್ಷಿತವೇ. ಬೆರಗು ಹುಟ್ಟಿಸಿದ್ದು ಮನಸ್ಸು. ಪ್ರಯೋಗಕ್ಕೆ ಮುನ್ನ ಧರ್ಮ, ರಾಜಕೀಯ, ಜಗತ್ತಿನ ಭವಿಷ್ಯದ ಬಗ್ಗೆ ಬಿಸಿಬಿಸಿ ಚರ್ಚೆ ಮಾಡುತ್ತಿದ್ದವರು ಊಟವಲ್ಲದೆ ಬೇರೆ ಮಾತನ್ನೇ ಆಡದಾದರು. ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ರಾತ್ರಿಯೆಲ್ಲ ಓದಿದರು. ಹತ್ತು ನಿಮಿಷದ ಊಟವನ್ನು ಗಂಟೆಗಟ್ಟಲೆ ಎಳೆದರು. ಬ್ರೆಡ್ಡನ್ನು ಚೂರುಚೂರು ಮಾಡಿ, ಸೂಪಿಗೆ ನೀರು ಬೆರೆಸಿ, ಕೊನೆಗೆ ತಟ್ಟೆ ನೆಕ್ಕಿದರು. ಬೇಸಿಗೆಯಲ್ಲೂ ಚಳಿ ಎಂದು ಕಂಬಳಿ ಹೊದ್ದರು. ಸಿಡುಕು, ಖಿನ್ನತೆ ಹೆಚ್ಚಿದವು. ಗೆಳೆಯರು ಬೇಡವಾದರು, ಹೆಣ್ಣಿನ ಯೋಚನೆಯೂ ಬೇಡವಾಯಿತು. ಕೆಲವರು ಗುಟ್ಟಾಗಿ ಕದ್ದು ತಿಂದು, ಆಮೇಲೆ ಪಾಪಪ್ರಜ್ಞೆಯಿಂದ ಬೆಂದರು. ನಾಲ್ವರ ದಾಖಲೆಗಳನ್ನು ಕೈಬಿಡಬೇಕಾಗಿ, ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 32 ಮಂದಿಯದು. ಕಟ್ಟಿಗೆ ಒಡೆಯುವಾಗ ಒಬ್ಬನ ಕೈಬೆರಳು ಮೂರು ತುಂಡಾದವು. ಅದು ಆಕಸ್ಮಿಕವೋ ಬೇಕೆಂದೇ ಮಾಡಿಕೊಂಡದ್ದೋ ಎಂದು ಹೇಳಲು ಆತನಿಗೇ ಆಗಲಿಲ್ಲ.

ಊಟ ಹೆಚ್ಚಿಸಿದ ಮೇಲೂ ಎಲ್ಲವೂ ಕೂಡಲೇ ಸರಿಹೋಗಲಿಲ್ಲ. ನಿರ್ಬಂಧ ತೆಗೆದಾಗ ಕೆಲವರು ಎಷ್ಟು ತಿಂದರೂ ತೃಪ್ತಿಯಾಗದೆ ತಿನ್ನುತ್ತಲೇ ಹೋದರು. ಚೇತರಿಸಿಕೊಳ್ಳಲು ದಿನಕ್ಕೆ ಸುಮಾರು 4,000 ಕ್ಯಾಲೊರಿಯ ಊಟ, ಅದೂ ಹಲವು ತಿಂಗಳು, ಬೇಕಾಗುತ್ತದೆ ಎಂದು ಕೀಸ್ ಕಂಡುಕೊಂಡರು. ಪರಿಹಾರ ಕಾರ್ಯಕರ್ತರಿಗಾಗಿ ಈ ಅನುಭವವನ್ನು ಸಂಗ್ರಹಿಸಿ 1946ರಲ್ಲಿ ಒಂದು ಕೈಪಿಡಿ ಹೊರತಂದದ್ದು ಬ್ರೆದ್ರನ್ ಚರ್ಚಿನ ಪ್ರಕಾಶನ ಸಂಸ್ಥೆ. ಎರಡು ಸಂಪುಟಗಳ ಪೂರ್ಣ ವರದಿ ಬಂದದ್ದು 1950ರಲ್ಲಿ.

ಈ ಅರಿವು ಮೊದಲೇ ಇದ್ದಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಜರ್ಮನಿಯ ಬೆರ್ಗೆನ್-ಬೆಲ್ಸನ್ ಯಾತನಾ ಶಿಬಿರವನ್ನು ಬಿಡುಗಡೆ ಮಾಡಿತು. ಅಸ್ಥಿಪಂಜರದಂತಾಗಿದ್ದ ಕೈದಿಗಳಿಗೆ ಸೈನಿಕರು ಮರುಕದಿಂದ ತಮ್ಮದೇ ರೇಷನ್ ಕೊಟ್ಟರು. ಜಿಡ್ಡಿನ ಆ ಆಹಾರ ಅರಗಿಸಿಕೊಳ್ಳಲಾಗದೆ ಅನೇಕರು ಸತ್ತರು. ಬಳಿಕ ವೈದ್ಯರು ‘ಬೆಂಗಾಲ್ ಫ್ಯಾಮಿನ್ ಮಿಕ್ಸ್ಚರ್’ ತರಿಸಿದರು. ಬಂಗಾಳದ ಬರದಲ್ಲಿ ಬಳಸಿದ್ದ, ಹಾಲಿನ ಪುಡಿ, ಹಿಟ್ಟು, ಸಕ್ಕರೆ ಬೆರೆಸಿದ ಗಂಜಿ ಅದು. ಪೂರ್ವ ಯುರೋಪಿನವರ ನಾಲಗೆಗೆ ಅದು ವಿಪರೀತ ಸಿಹಿಯಾಗಿ, ಬಹಳ ಜನಕ್ಕೆ ಸೇರಲಿಲ್ಲ. ಬಿಡುಗಡೆಯಾದ ಮೇಲೂ ರೋಗ ಮತ್ತು ನಿತ್ರಾಣದಿಂದ ಆ ಶಿಬಿರದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಹಸಿವಿನ ಗಾಯ ಬೇಗ ಮಾಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಹಸಿವು ಕಂಡಿದ್ದ ಕೆನಡಾದ ಮಾಜಿ ಸೈನಿಕರನ್ನು, ಸೆರೆ ಸಿಗದೆ ಕಾದಾಡಿದ ಸೈನಿಕರೊಂದಿಗೆ ಹೋಲಿಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಯುದ್ಧ ಮುಗಿದು ಅರ್ಧ ಶತಮಾನವಾಗುತ್ತಾ ಬಂದಿದ್ದರೂ ಹತೋಟಿ ತಪ್ಪಿ ತಿನ್ನುವ ಅಭ್ಯಾಸ ಮಾಜಿ ಯುದ್ಧಕೈದಿಗಳಲ್ಲೇ ಹೆಚ್ಚಾಗಿತ್ತು.

ಮಿನೆಸೋಟದ ಪಾಠವನ್ನು ಮನೋವೈದ್ಯರು ಬೇರೆಯೇ ರೀತಿಯಲ್ಲಿ ಓದಿಕೊಂಡರು. ಅನೊರೆಕ್ಸಿಯಾ ರೋಗಿಯ ಹಟ, ಸಿಡುಕು, ಗುಟ್ಟು, ಅಡುಗೆಯ ಗೀಳು ಇವೆಲ್ಲ ಆ ವ್ಯಕ್ತಿಯ ಸ್ವಭಾವ ಎಂದೇ ಹಿಂದೆ ತಿಳಿಯಲಾಗುತ್ತಿತ್ತು. ಯಾವ ಮನೋರೋಗವೂ ಇಲ್ಲದ, ಬೇಕಾದ್ದಕ್ಕಿಂತ ಹೆಚ್ಚೇ ಮನೋಬಲವಿದ್ದ 36 ಗಂಡಸರಲ್ಲೂ ಅವೇ ಲಕ್ಷಣಗಳು ಕಂಡಿದ್ದವು. ಅಂದರೆ ಅವುಗಳಲ್ಲಿ ಬಹಳಷ್ಟು ಹಸಿವಿನ ಪರಿಣಾಮ. ಆದ್ದರಿಂದ ರೋಗಿಯನ್ನು ಬೈಯುವುದು ವ್ಯರ್ಥ. ಮೊದಲು ದೇಹಕ್ಕೆ ಅನ್ನ ಸೇರಬೇಕು, ಅದರ ಜೊತೆಗೇ ಮನಸ್ಸಿಗೆ ಆಸರೆ ಸಿಗಬೇಕು.

ಸರ್ಕಾರದ ಹೊರಗೆ ಹುಟ್ಟಿದ ಆಸರೆ

ಆಸರೆ ಕೊಡುವವರು ಯಾರು? ಇಲ್ಲಿ ಕಥೆ ಸ್ವಯಂಸೇವಾ ಸಂಸ್ಥೆಗಳ ಕಡೆಗೆ ತಿರುಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಮನಸ್ಸು ಮುರಿದ ಸೈನಿಕರಿಗೆ ‘ಶೆಲ್ ಷಾಕ್’ ಎಂಬ ಹಣೆಪಟ್ಟಿ ಸಿಕ್ಕಿತು. ಓಡಿಹೋದ, ಹೇಡಿತನ ತೋರಿದ ಇತ್ಯಾದಿ ಆರೋಪದ ಮೇಲೆ ಬ್ರಿಟನ್ ಗುಂಡಿಟ್ಟು ಕೊಂದ ತನ್ನದೇ ಸೈನಿಕರಲ್ಲಿ 306 ಮಂದಿಗೆ ಮರಣೋತ್ತರ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಯುದ್ಧ ಮುಗಿದು ಮನೆಗೆ ಬಂದವರ ಗತಿ ಕಂಡು ಮರುಗಿದ ಕೆಲವು ಮಹಿಳೆಯರು 1919ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಕಟ್ಟಿದರು. ಮನೋರೋಗಿ ಸೈನಿಕರನ್ನು ಹುಚ್ಚಾಸ್ಪತ್ರೆಗೆ ತಳ್ಳದೆ, ವಿಶ್ರಾಂತಿಗೃಹದಲ್ಲಿಟ್ಟು ಕೈಗೆ ಕೆಲಸ ಕೊಟ್ಟು ಚೇತರಿಸಬೇಕೆಂಬುದು ಅವರ ಯೋಚನೆ. ಇಂದು ‘ಕಾಂಬ್ಯಾಟ್ ಸ್ಟ್ರೆಸ್’ ಎಂದು ಹೆಸರಾಗಿರುವ ಸಂಸ್ಥೆಯ ಮೂಲ ಅದೇ.

ಅಮೆರಿಕದಲ್ಲಿ ನಡೆದದ್ದು ಇನ್ನೂ ಕುತೂಹಲಕರ. ಶಸ್ತ್ರ ಹಿಡಿಯಲೊಲ್ಲದ ಆ ತರುಣರಲ್ಲಿ ಸುಮಾರು 3,000 ಮಂದಿಯನ್ನು ಮಾನಸಿಕ ಆಸ್ಪತ್ರೆಗಳಿಗೆ ಸಹಾಯಕರಾಗಿ ಕಳುಹಿಸಲಾಗಿತ್ತು. ಬೆತ್ತಲೆ ಕೂಡಿಟ್ಟ, ಹೊಡೆತ ತಿನ್ನುವ ರೋಗಿಗಳನ್ನು ಕಂಡು ಅವರು ದಂಗಾದರು, ಕಂಡದ್ದನ್ನೆಲ್ಲ ಬರೆದಿಟ್ಟರು. 1946ರಲ್ಲಿ ‘ಲೈಫ್’ ಪತ್ರಿಕೆ ಅದನ್ನು ಆಧರಿಸಿದ ಸಚಿತ್ರ ಲೇಖನ ಪ್ರಕಟಿಸಿದಾಗ ದೇಶವೇ ಬೆಚ್ಚಿತು. ಅದೇ ವರ್ಷ ಈ ತರುಣರು ‘ನ್ಯಾಷನಲ್ ಮೆಂಟಲ್ ಹೆಲ್ತ್ ಫೌಂಡೇಷನ್’ ಸ್ಥಾಪಿಸಿದರು. ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ ಕ್ಲಿಫರ್ಡ್ ಬಿಯರ್ಸ್ 1909ರಲ್ಲಿ ಕಟ್ಟಿದ್ದ ಸಮಿತಿಯೊಂದಿಗೆ 1950ರಲ್ಲಿ ಅದು ವಿಲೀನವಾಯಿತು. ‘ಮೆಂಟಲ್ ಹೆಲ್ತ್ ಅಮೆರಿಕ’ ಎಂಬ ಇಂದಿನ ಸಂಸ್ಥೆ ಆ ವಿಲೀನದ ಫಲ. ಹೀಗೆ, ಯುದ್ಧಕ್ಕೆ ಹೋಗದವರೇ ಹಸಿವಿನ ಮನೋವಿಜ್ಞಾನಕ್ಕೆ ತಮ್ಮ ದೇಹ ಕೊಟ್ಟರು. ಅವರ ಜೊತೆಗಾರರೇ ಮನೋರೋಗಿಗಳ ಪರ ಸಂಸ್ಥೆ ಕಟ್ಟಿದರು. ಮುಂದೆ ಅದರ ಫಲ ಯುದ್ಧಕ್ಕೆ ಹೋದವರಿಗೂ ಸಿಕ್ಕಿತು.

ಆಹಾರದ ಕಾಯಿಲೆಗೆಂದೇ ಮೀಸಲಾದ ಸಂಸ್ಥೆಗಳು ಬಂದದ್ದು ಆಮೇಲೆ. 1976ರಲ್ಲಿ ಇಲಿನಾಯ್ ರಾಜ್ಯದಲ್ಲಿ ಆರಂಭವಾದ ‘ಅನಾಡ್’ ರೋಗಿಗಳನ್ನೂ ಮನೆಯವರನ್ನೂ ಒಂದೆಡೆ ಕೂರಿಸಿ ಮಾತನಾಡಿಸುವ ಉಚಿತ ಗುಂಪುಗಳನ್ನು ಹುಟ್ಟುಹಾಕಿತು. 2000ದಲ್ಲಿ ಸಂಸತ್ತಿನ ಮುಂದೆ ರೋಗಿಗಳ ಪರ ವಾದಿಸಲು ‘ಈಟಿಂಗ್ ಡಿಸಾರ್ಡರ್ಸ್ ಕೊಅಲಿಷನ್’ ಎಂಬ ಒಕ್ಕೂಟ ಬಂತು. ಇರಾಕ್, ಆಫ್ಘಾನಿಸ್ತಾನದ ಯುದ್ಧಗಳ ನಡುವೆ, 2005ರಲ್ಲಿ ಆರಂಭವಾದ ‘ಗಿವ್ ಆ್ಯನ್ ಅವರ್’ ಸಂಸ್ಥೆಯ ಯೋಜನೆ ಸರಳ: ಒಬ್ಬೊಬ್ಬ ಮನೋವೈದ್ಯ, ಆಪ್ತಸಲಹೆಗಾರ ವಾರಕ್ಕೆ ಒಂದು ಗಂಟೆಯನ್ನು ಸೈನಿಕರಿಗೂ ಅವರ ಮನೆಯವರಿಗೂ ಪುಕ್ಕಟೆಯಾಗಿ ಕೊಡಬೇಕು.

ಸೊಂಟಕ್ಕೆ ಸುತ್ತಿದ ಟೇಪು

ಸೈನ್ಯದಲ್ಲೇ ವೈದ್ಯರಿರುವಾಗ ಹೊರಗಿನವರ ಆಸರೆ ಏಕೆ ಬೇಕು? ಇದಕ್ಕೆ ಉತ್ತರ ಒಂದು ಟೇಪಿನಲ್ಲಿದೆ.

1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಮೆರಿಕದ ಸೈನಿಕರ ದೈಹಿಕ ಕ್ಷಮತೆಯನ್ನು ಪರಿಶೀಲಿಸಲು ಸೂಚಿಸಿದರು. ಅದರ ಫಲವಾಗಿ 1981ರಲ್ಲಿ ರಕ್ಷಣಾ ಇಲಾಖೆ ದೇಹದ ಕೊಬ್ಬಿಗೆ ಮಿತಿ ಗೊತ್ತುಮಾಡಿತು. ಎತ್ತರಕ್ಕೆ ತಕ್ಕ ತೂಕ ಮೀರಿದವರ ಕುತ್ತಿಗೆ ಮತ್ತು ಸೊಂಟವನ್ನು, ಹೆಂಗಸರಾದರೆ ನಿತಂಬವನ್ನೂ, ಟೇಪಿನಿಂದ ಅಳೆದು ಕೊಬ್ಬಿನ ಪ್ರಮಾಣ ಲೆಕ್ಕ ಹಾಕುವ ಪದ್ಧತಿ ಬಂತು. ಮಿತಿ ಮೀರಿದರೆ ಬಡ್ತಿಗೆ ತಡೆ. ಮತ್ತೆ ಮತ್ತೆ ಮೀರಿದರೆ ಕೆಲಸಕ್ಕೇ ಕುತ್ತು. ಯುದ್ಧಕ್ಕೆ ಹೋಗುವವನು ಗಟ್ಟಿಯಾಗಿರಬೇಕೆಂಬುದು ನ್ಯಾಯವೇ. ಆದರೆ ಅಳತೆಯ ದಿನ ಹತ್ತಿರ ಬಂದಂತೆ ಬ್ಯಾರಕ್ಕುಗಳಲ್ಲಿ ಉಪವಾಸ, ಭೇದಿ ಮಾತ್ರೆ, ವಾಂತಿ ಶುರುವಾಗುತ್ತಿದ್ದವು. ತೂಕ ನೋಡುವ ಹೊತ್ತಿನಲ್ಲಿ ಇಂಥ ಅಪಾಯದ ಅಭ್ಯಾಸಗಳು ಹೆಚ್ಚುತ್ತವೆಂದು ನೌಕಾಪಡೆಯ ಸಂಶೋಧಕರು 1990ರ ದಶಕದಲ್ಲೇ ಬರೆದಿದ್ದರು. ಅವರ ಅಧ್ಯಯನದಲ್ಲಿ ಗಂಡಸರೂ ಇದ್ದರು.

ಯುದ್ಧದ ಕಾವು ತಾನೇ ಕಾಯಿಲೆಗೆ ದಾರಿಯಾಗಬಲ್ಲದು. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಯುದ್ಧಭೂಮಿಗೆ ಹೋಗಿಯೂ ಕಾದಾಟ ಕಾಣದ ಮಹಿಳಾ ಸೈನಿಕರಿಗೆ ಹೋಲಿಸಿದರೆ, ಕಾದಾಟವನ್ನು ಕಣ್ಣಾರೆ ಕಂಡವರಲ್ಲಿ ಊಟದ ತೊಂದರೆ ಹೊಸದಾಗಿ ಕಾಣಿಸಿಕೊಳ್ಳುವ ಸಂಭವ 1.78 ಪಟ್ಟು. ಅಮೆರಿಕದ ರಕ್ಷಣಾ ಇಲಾಖೆಯ ವೈದ್ಯಕೀಯ ಮಾಸಿಕ 2018ರಲ್ಲಿ ಕೊಟ್ಟ ಲೆಕ್ಕದಂತೆ, 2013ರಿಂದ 2017ರವರೆಗಿನ ಐದು ವರ್ಷದಲ್ಲಿ 1,788 ಸೈನಿಕರಲ್ಲಿ ಈ ಕಾಯಿಲೆ ಹೊಸದಾಗಿ ಪತ್ತೆಯಾಗಿತ್ತು. ಮಹಿಳೆಯರ ಪ್ರಮಾಣ ಗಂಡಸರ ಹನ್ನೊಂದು ಪಟ್ಟಿಗೂ ಹೆಚ್ಚು. ಆದರೆ ಇದು ವೈದ್ಯರ ಬಳಿ ಬಂದವರ ಲೆಕ್ಕ ಮಾತ್ರ ಎಂಬುದನ್ನು ಮರೆಯಬಾರದು.

ವೈದ್ಯರ ಬಳಿ ಹೋಗುವುದೇ ಕಷ್ಟ. ಸೈನ್ಯದ ವೈದ್ಯ ರೋಗಿಗೆ ವೈದ್ಯನೂ ಹೌದು, ಸೈನ್ಯದ ಅಧಿಕಾರಿಯೂ ಹೌದು. ಈ ಕಾಯಿಲೆಯ ಇತಿಹಾಸವಿದ್ದವರನ್ನು ಸೇರಿಸಿಕೊಳ್ಳದಿರುವ ನಿಯಮವಿದ್ದ ಕಡೆ, ಸೇರಿದ ಮೇಲೆ ಬಾಯಿಬಿಡುವವರು ಯಾರು? ಭರ್ತಿಯ ಹೊತ್ತಿನಲ್ಲಿ ಈ ಕಾಯಿಲೆಗೆಂದೇ ತಪಾಸಣೆ ನಡೆಯುತ್ತದೆ, ಸೇರಿದ ಮೇಲೆ ಅದಕ್ಕೆಂದೇ ಪ್ರತ್ಯೇಕ ತಪಾಸಣೆ ಇಲ್ಲ ಎಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ವರದಿ ಮಾಡಿತು. ಕಡತಕ್ಕೆ ಹೆಸರು ಹೋಗದೆ, ದರ್ಜೆ ಕೇಳದೆ, ಅದೇ ಕಾಯಿಲೆ ದಾಟಿ ಬಂದ ಮಾಜಿ ಸೈನಿಕನೊಬ್ಬ ‘ನನಗೂ ಹೀಗೇ ಆಗಿತ್ತು’ ಎಂದು ಹೇಳುವ ಜಾಗ ಬೇಕಾಗುವುದು ಇದಕ್ಕಾಗಿ. ಲಾಭದ ಹಂಗಿಲ್ಲದ, ಸೇನೆಯ ಹಂಗೂ ಇಲ್ಲದ ಸಂಸ್ಥೆ ಕೊಡಬಲ್ಲದ್ದು ಅದನ್ನೇ.

ಈ ಸಂಸ್ಥೆಗಳ ಒತ್ತಾಯಕ್ಕೆ ಒಂದು ದೊಡ್ಡ ಜಯ ಸಿಕ್ಕಿದ್ದು 2021ರಲ್ಲಿ. ಸೈನಿಕರ ಕುಟುಂಬದವರಿಗೆ 20 ವರ್ಷ ದಾಟಿದ ಮೇಲೆ ಆಸ್ಪತ್ರೆಯಂಥ ವಸತಿ ಕೇಂದ್ರದಲ್ಲಿಟ್ಟು ಕೊಡುವ ಚಿಕಿತ್ಸೆಯ ಖರ್ಚನ್ನು ಸೈನಿಕರ ವಿಮೆ ಭರಿಸುತ್ತಿರಲಿಲ್ಲ. ಆ ವರ್ಷದ ಡಿಸೆಂಬರ್ 27ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ರಕ್ಷಣಾ ಕಾಯ್ದೆ ಈ ವಯಸ್ಸಿನ ಮಿತಿಯನ್ನು ಸಡಿಲಿಸಿತು. ಹಾಗೆಂದು ಸ್ವಯಂಸೇವಾ ಸಂಸ್ಥೆಗಳ ದಾರಿ ಹೂವಿನದೇನೂ ಅಲ್ಲ. ಅಮೆರಿಕದ ಈ ಕ್ಷೇತ್ರದ ದೊಡ್ಡ ಸಂಸ್ಥೆಯಾದ ‘ನೀಡಾ’ 2023ರಲ್ಲಿ ತನ್ನ ಸಹಾಯವಾಣಿಯನ್ನೇ ಮುಚ್ಚಿತು. ಕಂಪ್ಯೂಟರಿನಲ್ಲಿ ಉತ್ತರಿಸುವ ಅದರ ಚಾಟ್‌ಬಾಟ್ ಊಟದ ಕಾಯಿಲೆಯವರಿಗೆ ತೂಕ ಇಳಿಸುವ ಸಲಹೆ ಕೊಟ್ಟು, ಅದನ್ನೂ ಹಿಂತೆಗೆದುಕೊಳ್ಳಬೇಕಾಯಿತು. ಮನುಷ್ಯನ ದನಿಗೆ ಬದಲಿ ಸುಲಭವಲ್ಲ.

ನಮ್ಮ ಮನೆಯ ಮಾತು

ದೂರದ ದೇಶದ ಈ ಕಥೆ ನಮಗೇಕೆ ಎಂದು ಕೇಳಬಹುದು. ಭಾರತೀಯ ಸೇನೆಯಲ್ಲೂ ಪ್ರತಿಯೊಬ್ಬನಿಗೆ ‘ಶೇಪ್’ ಎಂಬ ವೈದ್ಯಕೀಯ ದರ್ಜೆಯಿದೆ. ಐದು ಅಕ್ಷರಗಳ ಆ ದರ್ಜೆಯಲ್ಲಿ ಕಿವಿ, ಕೈಕಾಲು, ದೇಹಬಲ, ಕಣ್ಣುಗಳಿಗಿಂತ ಮೊದಲ ಅಕ್ಷರ ಮನಸ್ಸಿನದು. ದರ್ಜೆ ಇಳಿದರೆ ಬಡ್ತಿ, ನೇಮಕಗಳಿಗೆ ತೊಡಕು. ಹೀಗಾಗಿ ಹೇಳಿಕೊಳ್ಳಲು ಹಿಂಜರಿಕೆ ಇಲ್ಲೂ ಸಹಜ. ಸೈನಿಕರ ಊಟದ ವಿಜ್ಞಾನದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ: 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹಿಮದಲ್ಲೂ ಕೆಡದ, ಕೈಚೀಲದಲ್ಲಿ ಒಯ್ಯಬಲ್ಲ ಊಟವನ್ನು ರೂಪಿಸುತ್ತ ಬಂದಿದೆ. ಮನಸ್ಸಿನ ಆರೈಕೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನ ಪಾತ್ರ ದೊಡ್ಡದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ಗೆ ಮಾರ್ಗದರ್ಶಿ ಸಂಸ್ಥೆ ಅದು. ಸೈನಿಕರಿಗೂ ಕುಟುಂಬದವರಿಗೂ ಅದರದೇ ಪ್ರತ್ಯೇಕ ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರಪಡೆ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.

ಸಹಾಯವಾಣಿ ಒಂದು ಬಾಗಿಲು. ಆದರೆ ಆ ಬಾಗಿಲು ತಟ್ಟುವ ಮುನ್ನ ಇದೊಂದು ಕಾಯಿಲೆ ಎಂದು ಮನೆಯವರಿಗೆ ತಿಳಿದಿರಬೇಕು. ರಜೆಗೆ ಬಂದ ಮಗ ತಟ್ಟೆಯಲ್ಲಿನ ಮುದ್ದೆ ಮುಟ್ಟದೆ ಎದ್ದರೆ, ಇಲ್ಲವೇ ಉಂಡ ಕೂಡಲೇ ದಿನವೂ ಬಚ್ಚಲಿಗೆ ಹೋದರೆ, ‘ಮಿಲಿಟರಿ ಶಿಸ್ತು’ ಎಂದು ನಕ್ಕು ಬಿಡುವವರೇ ಹೆಚ್ಚು. ಅಡುಗೆ ರುಚಿಯಿಲ್ಲವೇನೋ ಎಂದು ತಾಯಿ ನೊಂದುಕೊಳ್ಳುತ್ತಾಳೆ. ಎಂಬತ್ತು ವರ್ಷಗಳ ಹಿಂದೆ ಕ್ರೀಡಾಂಗಣದ ಕೆಳಗೆ ತಟ್ಟೆ ನೆಕ್ಕಿದ 36 ಮಂದಿ ತೋರಿಸಿಕೊಟ್ಟದ್ದು ಇಷ್ಟೇ: ಎಂಥ ಗಟ್ಟಿ ಮನಸ್ಸೂ ಹಸಿವಿಗೆ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗಲು ಅನ್ನವೂ ಬೇಕು, ಕಾಲವೂ ಬೇಕು, ಜೊತೆಗೆ ಕೂತು ಕೇಳುವ ಒಬ್ಬರೂ ಬೇಕು. ಊಟ ಮರೆತವನಿಗೆ ಊಟ ಕಲಿಸುವ ಮೊದಲು ಅವನ ಮಾತಿಗೆ ಕಿವಿಗೊಡಬೇಕಾಗುತ್ತದೆ. ಹಿರಿಯರು ಆ ಎರಡನ್ನೂ ಒಂದೇ ಗಾದೆಯಲ್ಲಿ ಇಟ್ಟದ್ದು ಸುಮ್ಮನೆ ಇರಲಾರದು.